ಐದು ವ್ಯಾಟಿಗಿಂತ ಕಡಿಮೆ

ಮನೆಯಲ್ಲಿ ಒಬ್ಬರೇ ಇರುವವರಿಗೆ ಒಂದು ಅಭ್ಯಾಸ ಅಂಟಿಕೊಂಡುಬಿಡುತ್ತದೆ. ಯಾವ ವಸ್ತು ಸದ್ದು ಮಾಡಿದರೂ ಅದಕ್ಕೆ ಉತ್ತರ ಕೊಡುತ್ತಾರೆ. ಕುಕ್ಕರ್ ಕೂಗಿದರೆ ನಾನು "ಬಂದೆ, ಬಂದೆ" ಅನ್ನುತ್ತೇನೆ. ಲೈಟರ್ ಹೊತ್ತಿಕೊಳ್ಳದಿದ್ದರೆ ಹೆಸರಿಟ್ಟು ಬೈಯುತ್ತೇನೆ. ನನ್ನ ವಾಷಿಂಗ್ ಮೆಷಿನ್ ಕೆಲಸ ಮುಗಿದಾಗ ಪೀಂ ಪೀಂ ಎನ್ನುತ್ತಿತ್ತು, ಅದಕ್ಕೂ "ಆಯ್ತಾ? ಸುಸ್ತಾಗಿರಬೇಕು ಪಾಪ" ಅನ್ನುತ್ತಿದ್ದೆ. ಹೋದ ವರ್ಷ ಅದರ ದನಿ ಬಿದ್ದುಹೋಯಿತು. ಒಗೆಯುತ್ತಿತ್ತು, ಹಿಂಡುತ್ತಿತ್ತು, ಕೂಗುತ್ತಿರಲಿಲ್ಲ. ನಾನು ಉತ್ತರಪತ್ರಿಕೆಗಳ ರಾಶಿಯಲ್ಲಿ ಮುಳುಗಿ ಅದನ್ನು ಮರೆತುಬಿಡುತ್ತಿದ್ದೆ. ಸಂಜೆ ಮುಚ್ಚಳ ತೆಗೆದರೆ ಮುಗ್ಗಲು ವಾಸನೆ. ಮತ್ತೆ ಒಗೆಯುವುದು, ಮತ್ತೆ ಮರೆಯುವುದು. ಒಂದೇ ಭಾನುವಾರ ಒಂದೇ ಸೀರೆಯನ್ನು ಮೂರು ಸಲ ಒಗೆದ ಹೆಗ್ಗಳಿಕೆ ನನ್ನದು.

ಒಬ್ಬಳೇ ಅಂದೆ. ಗಂಡ ಇದ್ದಾರೆ, ಚೆನ್ನಾಗಿಯೇ ಇದ್ದಾರೆ. ಅವರದು ಕುಣಿಗಲ್‌ನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ನನ್ನದು ತುಮಕೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಪಾಠ, ಬಟವಾಡಿಯಲ್ಲಿ ಬಾಡಿಗೆ ಮನೆ. ಮಗಳು ಇಲ್ಲಿ ಓದುತ್ತಿದ್ದಾಗ ಪ್ರತಿ ಶನಿವಾರ ಬರುತ್ತಿದ್ದರು. ಅವಳು ಮದುವೆಯಾಗಿ ಹುಬ್ಬಳ್ಳಿಗೆ ಹೋದ ಮೇಲೆ ಅದು ಶನಿವಾರ ಬಿಟ್ಟು ಶನಿವಾರ ಆಯಿತು, ಆಮೇಲೆ ಹಬ್ಬಕ್ಕೊಮ್ಮೆ ಆಯಿತು. ಜಗಳವಾಡಿದ್ದರೆ ಯಾರಾದರೂ ಹಿರಿಯರು ಕೂತು ರಾಜಿ ಮಾಡಿಸುತ್ತಿದ್ದರು. ನಮ್ಮಲ್ಲಿ ಜಗಳವೇ ಇಲ್ಲ. ಸುಮ್ಮನೆ ಮಾತು ಕಡಿಮೆಯಾಗುತ್ತಾ ಬಂತು. ಇದಕ್ಕೆ ಯಾರನ್ನು ಕರೆದು ಪಂಚಾಯಿತಿ ಸೇರಿಸುವುದು?

ಯುಗಾದಿಗೆ ಬಂದವರು ಸ್ನಾನ ಮಾಡಿ ನನ್ನ ಟವೆಲಿನಲ್ಲಿ ಮುಖ ಒರೆಸಿಕೊಂಡರು, ಮೂಗು ಸಿಂಡರಿಸಿದರು. ಮುಂದಿನ ವಾರ ಒಂದು ಪ್ಲಗ್ ತಂದು ಗೋಡೆಗೂ ಮೆಷಿನ್‌ಗೂ ನಡುವೆ ಸಿಕ್ಕಿಸಿದರು. ಮೆಷಿನ್ ಎಷ್ಟು ಕರೆಂಟು ಎಳೆಯುತ್ತಿದೆ ಅನ್ನುವುದು ಅದರಿಂದ ಫೋನಿನಲ್ಲಿ ಕಾಣುತ್ತದೆ. "ನೋಡು, ತಿರುಗೋವಾಗ ಮುನ್ನೂರು ವ್ಯಾಟ್ ತಿಂತೈತೆ. ಮುಗುದ್‌ಮೇಲೆ ಎಲ್ಡೋ ಮೂರೋ. ಐದಕ್ಕಿಂತ ಕೆಳಗಿಳೀತು ಅಂದ್ರೆ ಬಟ್ಟೆ ಆಯ್ತು ಅಂತ ಮೆಸೇಜ್ ಬತ್ತೈತೆ. ನೀನು ಸ್ವಿಚ್ ಆಫ್ ಮಾಡೋಗಂಟ ಕಾಲು ಗಂಟೆಗೊಂದ್ಸಲ ಬತ್ತಾನೆ ಇರ್ತೈತೆ" ಅಂದರು. ಎಲ್ಲ ಸೆಟ್ ಮಾಡಿದ್ದು ಅವರ ಫೋನಿನಿಂದ. ಹಾಗಾಗಿ ಮೆಸೇಜು ನನಗೂ ಬರುತ್ತಿತ್ತು, ಕುಣಿಗಲ್‌ನಲ್ಲಿ ಅವರಿಗೂ ಬರುತ್ತಿತ್ತು.

ಮೊದಲನೇ ಭಾನುವಾರ ಇಪ್ಪತ್ತೇ ನಿಮಿಷಕ್ಕೆ "ಬಟ್ಟೆ ಆಯ್ತು" ಅಂತ ಬಂತು. ಬುಟ್ಟಿ ಹಿಡಿದು ಓಡಿ ಮುಚ್ಚಳ ತೆಗೆದರೆ ತುಂಬಾ ನೊರೆ; ಬಟ್ಟೆ ನೆನೆಯಲಿ ಅಂತ ಮೆಷಿನ್ ಸುಮ್ಮನೆ ನಿಂತಿತ್ತು. ಫೋನ್ ಮಾಡಿದೆ. "ನೆನೆಯೋವಾಗ್ಲೂ ಕರೆಂಟ್ ಎಳೆಯಲ್ಲ, ಮರ್ತೇಬಿಟ್ಟೆ. ಐದು ನಿಮಿಷ ಕಾದು ಹೇಳೋ ಹಂಗೆ ಮಾಡ್ತೀನಿ ಬುಡು" ಅಂದರು. ಅದರ ಮುಂದಿನ ವಾರ ನಲ್ಲಿಯಲ್ಲಿ ನೀರು ದಾರದಷ್ಟು ಬರುತ್ತಿತ್ತು. ನೀರು ತುಂಬಲೆಂದು ಮೆಷಿನ್ ಕಾಯುತ್ತಾ ನಿಂತರೆ ಅದಕ್ಕೂ "ಬಟ್ಟೆ ಆಯ್ತು". ಮತ್ತೆ ಫೋನು.

"ಈಗ ಎಷ್ಟು ತೋರ್ಸ್ತೈತೆ?"

"ಮೂರು."

"ಈಗ?"

"ಮುನ್ನೂರ ಹತ್ತು."

"ಹಾಂ, ತಿರುಗ್ತು ನೋಡು!"

ಒಂದು ತಿಂಗಳು ಹೀಗೇ ನಡೆಯಿತು. ಮದುವೆಯಾದ ಹೊಸದರಲ್ಲೂ ನಾವು ಇಷ್ಟು ಮಾತಾಡಿರಲಿಲ್ಲ. ಕೊನೆಗೆ ಹನ್ನೆರಡು ನಿಮಿಷ ಕಾಯಬೇಕು ಅಂತ ತೀರ್ಮಾನವಾಯಿತು. ಅಲ್ಲಿಂದಾಚೆ ಮೆಸೇಜು ಒಂದು ಸಲವೂ ತಪ್ಪಲಿಲ್ಲ. ಅಲ್ಲಿಂದಾಚೆ ಫೋನೂ ಬರಲಿಲ್ಲ. ಎಲ್ಲ ಸರಿಹೋದ ಮೇಲೆ ಮಾತಾಡುವುದಕ್ಕೆ ಏನಿದೆ?

ಶ್ರಾವಣದ ಒಂದು ಭಾನುವಾರ ನಮ್ಮ ಸ್ಕೂಲಿನ ಕನ್ನಡ ಟೀಚರ್ ನಾಗರತ್ನ ತನ್ನ ತಮ್ಮನ ಗೃಹಪ್ರವೇಶಕ್ಕೆ ನನ್ನನ್ನು ಹಾಗಲವಾಡಿಗೆ ಕರೆದುಕೊಂಡು ಹೋಗಲು ಬಂದಳು. ಕಾರಿನ ಹಾರನ್ ಒಂದೇ ಸಮ. ಮೆಷಿನ್ ಹಾಕಿದ್ದೆ, ಅದನ್ನು ಮರೆತೆ. ಫೋನು ಚಾರ್ಜಿಗೆ ಹಾಕಿದ್ದೆ, ಅದನ್ನೂ ಮರೆತೆ. ಗುಬ್ಬಿ ದಾಟಿದ ಮೇಲೆ ನೆನಪಾಯಿತು. "ಬಿಡೇ, ನಿಂಗ್ಯಾರು ಫೋನ್ ಮಾಡ್ತಾರೆ?" ಅಂದಳು. ತಮಾಷೆಗೇ ಅಂದಿದ್ದು. ನಿಜವೂ ಆಗಿದ್ದರಿಂದ ನಾನೂ ನಕ್ಕೆ.

ಹೋಳಿಗೆ ಊಟ ಮುಗಿಸಿ ಐದು ಗಂಟೆಗೆ ಮನೆಗೆ ಬಂದರೆ ಮೆಟ್ಟಿಲ ಮೇಲೆ ಗಂಡ ಕೂತಿದ್ದಾರೆ. ಗ್ರೀಸು ಮೆತ್ತಿದ ಅಂಗಡಿಯ ಅಂಗಿಯಲ್ಲೇ.

"ಎಲ್ಲಿಗೋಗಿದ್ದೆ?"

"ಹಾಗಲವಾಡಿಗೆ. ಫೋನು ಮರೆತೆ."

"ಎಂಟು ಸಲ ಬಂತು ಕಣೆ ಮೆಸೇಜು. ಫೋನ್ ಮಾಡುದ್ರೆ ಎತ್ತಲ್ಲ. ಬಚ್ಚಲಲ್ಲಿ ಬಿದ್ದಿದ್ದೀಯೇನೋ ಅಂದ್ಕೊಂಡು ಬಂದೆ. ನನ್ನತ್ರ ಇರೋ ಕೀಲಿ ಹಾಕಿ ಬಾಗ್ಲು ತೆಗೆಯೋಕೆ ಕೈಯೇ ಬರ್ಲಿಲ್ಲ. ತೆಗುದ್ರೆ ನೀನೇ ಇಲ್ಲ."

ನಾನು "ಊಟ ಆಯ್ತಾ?" ಅಂದೆ. ಇಷ್ಟು ವರ್ಷದಲ್ಲಿ ಬೇರೆ ಮಾತು ಕಲಿತಿಲ್ಲ. ಮಹಡಿಗೆ ಹೋಗಿ ನೋಡಿದರೆ ಬಟ್ಟೆಯನ್ನೆಲ್ಲ ಒಣ ಹಾಕಿದ್ದರು. ಸೀರೆಯನ್ನು ಬಿಡಿಸದೆ ಹಗ್ಗದ ಹಾಗೆ ನೇತು ಹಾಕಿ, ಲಂಗಗಳನ್ನು ಮಾತ್ರ ಬೀದಿಗೆಲ್ಲ ಕಾಣುವಂತೆ ಮುಂದಿನ ಸಾಲಿನಲ್ಲಿ ಅಗಲವಾಗಿ ಹರವಿದ್ದರು. ಬೈಯಬೇಕೆಂದುಕೊಂಡವಳು ಉಪ್ಪಿಟ್ಟು ಮಾಡಿ ಕೊಟ್ಟೆ. ತಿಂದು, ಕೈ ತೊಳೆದು, ಹೊರಗೆ ನೋಡುತ್ತಾ, ನೆಂಟರು ಕೇಳುವ ಹಾಗೆ ಕೇಳಿದರು: "ಇವತ್ತು ಇಲ್ಲೇ ಉಳ್ಕೊಳ್ಳಾ?" ಇದು ನಿಮ್ಮ ಮನೆಯಲ್ಲವೇ ಅಂತ ಹೇಳಬೇಕಿತ್ತು. "ಉಳ್ಕೊಳ್ಳಿ" ಅಂದೆ, ಅಷ್ಟೆ. ಬೆಳಿಗ್ಗೆ ಅವರು ಗಾಡಿ ಹತ್ತಿ ಹೋದ ಮೇಲೆ ಎರಡು ರೂಮಿನ ಮನೆ ಕಲ್ಯಾಣಮಂಟಪದಷ್ಟು ದೊಡ್ಡದಾಗಿ ಕಂಡಿತು.

ಮುಂದಿನ ಭಾನುವಾರ ಬಟ್ಟೆ ಮುಗಿಯಿತು. ತೆಗೆದು, ಮಹಡಿಯಲ್ಲಿ ಒಣ ಹಾಕಿ ಬಂದೆ. ಸ್ವಿಚ್ ಮಾತ್ರ ಆಫ್ ಮಾಡಲಿಲ್ಲ. ಮರೆತೆ ಅಂತ ನಿಮಗೂ ಹೇಳಬಹುದಿತ್ತು; ಮರೆತಿರಲಿಲ್ಲ. ಐದನೇ ಮೆಸೇಜು ಬಂದ ಮೇಲೆ ಫೋನು ಹೊಡೆದುಕೊಂಡಿತು.

"ಏನೇ, ಬಟ್ಟೆ ತೆಗ್ದಿಲ್ವಾ?"

"ಸೊಂಟ ಹಿಡ್ಕೊಂಡಿದೆ ಕಣ್ರೀ, ಬಗ್ಗೋಕಾಗ್ತಿಲ್ಲ." ಬಾಯಿಗೆ ತಾನಾಗೇ ಬಂದುಬಿಟ್ಟಿತು.

"ನೀನು ಮುಟ್ಬೇಡ. ನಾನೇ ಬಂದು ಒಣ ಹಾಕ್ತೀನಿ. ಇಗಾ, ಗಾಡಿ ತೆಗ್ದೆ."

ಖುಷಿಯಲ್ಲಿ ಎರಡು ನಿಮಿಷ ಕೂತೆ. ಆಮೇಲೆ ಬುದ್ಧಿ ಬಂತು. ಮಹಡಿಯಲ್ಲಿ ಬಟ್ಟೆಗಳೆಲ್ಲ ಒಣಗಿ ಪಟಪಟ ಹಾರುತ್ತಿವೆ. ಮತ್ತೆ ಮೆಷಿನ್‌ಗೆ ಹಾಕಿ ತಿರುಗಿಸೋಣವೆಂದರೆ ಅವರ ಫೋನಿನಲ್ಲಿ ಮುನ್ನೂರು ವ್ಯಾಟ್ ಕಂಡುಬಿಡುತ್ತದೆ. ಪ್ರಯೋಗದ ಫಲಿತಾಂಶವನ್ನು ತಿದ್ದಬಾರದು ಅಂತ ಇಪ್ಪತ್ತೆಂಟು ವರ್ಷದಿಂದ ಮಕ್ಕಳನ್ನು ಹೆದರಿಸುತ್ತಾ ಬಂದವಳು, ಮೂರು ಸಲ ಮಹಡಿ ಹತ್ತಿಳಿದು ಬಟ್ಟೆಯನ್ನೆಲ್ಲ ಹೊತ್ತು ತಂದು, ಒಂದೊಂದಾಗಿ ಬಕೆಟಿನಲ್ಲಿ ಅದ್ದಿ, ಕೈಯಲ್ಲೇ ಹಿಂಡಿ ಮೆಷಿನ್‌ಗೆ ತುಂಬಿದೆ. ಗೇಟಿನ ಹತ್ತಿರ ಗಾಡಿ ನಿಂತ ಸದ್ದಾಯಿತು. ಬಾಗಿಲು ತೆಗೆಯೋಣವೆಂದು ಏಳಲು ಹೋದರೆ ಸೊಂಟ ನಿಜವಾಗಿಯೂ ಹಿಡಿದುಕೊಂಡಿತ್ತು.