ಅರ್ಚಕರ ಮೊಲಕ್ಕೆ ಆಪರೇಷನ್

ಪಶುವೈದ್ಯನ ಹತ್ತಿರ ಬರುವ ರೋಗಿಗಳು ಮಾತಾಡುವುದಿಲ್ಲ. ಆ ಕೊರತೆಯನ್ನು ಅವರನ್ನು ಹೊತ್ತು ತಂದವರು ಬಡ್ಡಿ ಸಮೇತ ತುಂಬಿಕೊಡುತ್ತಾರೆ. ನಾಗಮಂಗಲ, ಕೆ.ಆರ್. ಪೇಟೆಗಳಲ್ಲಿ ಹಸು, ಎಮ್ಮೆ ನೋಡಿಕೊಂಡಿದ್ದ ನನಗೆ ಶ್ರೀರಂಗಪಟ್ಟಣಕ್ಕೆ ಬಂದ ಮೇಲೆ ಒಂದು ಮೊಲ ಸಿಕ್ಕಿತು. ಅದರ ಜೊತೆಗೆ ಅರ್ಚಕರ ಸಂಸಾರವೂ ಸಿಕ್ಕಿತು.

ಬಯಕೆ

ಅರ್ಚಕರ ಹೆಂಡತಿ ಮೊಲವನ್ನು ಹಣ್ಣಿನ ಬುಟ್ಟಿಯಲ್ಲಿ ತಂದರು. ಹೊಟ್ಟೆಯ ಕೆಳಗೆ ನಿಂಬೆಹಣ್ಣಿನಷ್ಟು ಉಬ್ಬು.

"ಬಸುರಿ, ಡಾಕ್ಟ್ರೇ. ಬಯಕೆ ಇರುತ್ತಲ್ಲ ಅಂತ ದಿನಾ ಸೇಬು ಕೊಡ್ತಿದೀನಿ. ಇನ್ನೂ ಹೆರಲೇ ಇಲ್ಲ."

ತಿರುಗಿಸಿ ನೋಡಿದೆ. "ಅಮ್ಮಾ, ಇದು ಹರ್ನಿಯಾ. ಹೊಟ್ಟೆಯ ಪದರ ಬಿಟ್ಟುಕೊಂಡು ಕರುಳು ಆಚೆ ನುಗ್ಗಿದೆ, ಹೊಲೀಬೇಕು. ಅದೂ ಅಲ್ದೆ, ಇದು ಗಂಡು."

ಪಕ್ಕದಲ್ಲಿದ್ದ ಅರ್ಚಕರು ಮೆಲ್ಲಗೆ ಹೇಳಿದರು, "ನನಗಾಗ್ಲೇ ಅನುಮಾನ ಬಂದಿತ್ತು. ಬಸುರಿಯಾಗಿದ್ರೆ ಕೊಟ್ಟಿದ್ದನ್ನ ಇಷ್ಟು ಬಾಯ್ಮುಚ್ಕೊಂಡು ತಿಂತಿತ್ತಾ?"

ಉಪವಾಸ

ಆಪರೇಷನ್ನಿನ ಹಿಂದಿನ ದಿನ ಫೋನಿನಲ್ಲಿ ಎಚ್ಚರಿಸಿದ್ದೆ. ನಾಯಿಯ ಹಾಗಲ್ಲ, ಮೊಲವನ್ನು ಹಸಿದಿರಲು ಬಿಡಬಾರದು, ಬಿಟ್ಟರೆ ಕರುಳು ಕೆಲಸ ನಿಲ್ಲಿಸುತ್ತದೆ ಅಂತ. ಬೆಳಿಗ್ಗೆ ಮೊಲ ಚೆನ್ನಾಗಿ ತಿಂದೇ ಬಂತು. ಅರ್ಚಕರ ಮುಖ ಮಾತ್ರ ಬಾಡಿತ್ತು.

"ಶಸ್ತ್ರಚಿಕಿತ್ಸೆ ಅಂದ್ಮೇಲೆ ಯಾರಾದ್ರೂ ಒಬ್ಬರು ಉಪವಾಸ ಇರಬೇಕಲ್ಲ. ಅದರ ಪರವಾಗಿ ನಾನಿದೀನಿ."

ನಾನು ಮೊದಲ ಹೊಲಿಗೆ ಹಾಕುವಾಗ ಅವರು ಬೆಂಚಿನ ಮೇಲೆ ಒರಗಿಬಿಟ್ಟರು. ಅರಿವಳಿಕೆ ಕೊಟ್ಟಿದ್ದು ಮೊಲಕ್ಕೆ. ಮೊದಲು ಕಣ್ಣು ಬಿಟ್ಟಿದ್ದೂ ಮೊಲವೇ.

ನೈವೇದ್ಯ

ಕಣ್ಣು ಬಿಟ್ಟ ಮೊಲ ತಿನ್ನಲೊಲ್ಲದು. ನೋವಿಗೆ ಔಷಧಿ ಕೊಟ್ಟೆ, ಗರಿಕೆ ಇಟ್ಟೆ, ಕೊತ್ತಂಬರಿ ಇಟ್ಟೆ. ಮೂಸಿ ಮುಖ ತಿರುಗಿಸಿತು. ಸಂಜೆಯಾದರೂ ಅದೇ ಹಟ. ಹೊಲಿಗೆ ಎಷ್ಟು ಚೆನ್ನಾಗಿದ್ದು ಏನು ಬಂತು, ತಿನ್ನದ ಮೊಲ ಉಳಿಯುವುದಿಲ್ಲ. ನನಗೆ ನಿಜಕ್ಕೂ ಭಯವಾಯಿತು.

ಅರ್ಚಕರ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ನಮ್ಮನೇಲಿ ನೈವೇದ್ಯ ಆಗೋವರೆಗೂ ಯಾರೂ ಬಾಯಿಗಿಡಲ್ಲ, ಡಾಕ್ಟ್ರೇ. ಗಂಟೆ ಬಾರಿಸಿದ ಮೇಲೇ ಇದಕ್ಕೂ ಸೊಪ್ಪು ಹಾಕೋದು."

ದೇವಸ್ಥಾನಕ್ಕೆ ಹೊರಟಿದ್ದ ಅರ್ಚಕರ ಚೀಲದಲ್ಲೇ ಗಂಟೆಯಿತ್ತು. ಗೋಡೆಯ ಕ್ಯಾಲೆಂಡರಿನ ದೇವರಿಗೆ ಕೊತ್ತಂಬರಿ ತೋರಿಸಿ, ಕಣ್ಮುಚ್ಚಿ ಬಾರಿಸಿದರು. ಮೊಲದ ಕಿವಿ ನೆಟ್ಟಗಾಯಿತು. ಅವರು ಕಣ್ಣು ತೆರೆಯುವಷ್ಟರಲ್ಲಿ ಅರ್ಧ ಕಟ್ಟು ಖಾಲಿ. ನನ್ನ ಕಣ್ಣೂ ತುಂಬಿತು, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಹೊರಗೆ ಪಾಂಡವಪುರ ಕಡೆಯ ರೈತನೊಬ್ಬ ಮೇವು ಬಿಟ್ಟ ಹಸು ಹಿಡಿದು ಕಾಯುತ್ತಿದ್ದ. ಕಿಟಕಿಯಿಂದ ಎಲ್ಲ ನೋಡಿದ್ದ. ನಾನು ಸಿರಿಂಜು ಹಿಡಿದು ಹೋದರೆ ಹಸುವಿಗೆ ಅಡ್ಡ ನಿಂತ.

"ಸೂಜಿ ಅತ್ಲಾಗಿಡಿ ಸಾ. ಮೊದ್ಲು ಆ ಗಂಟೆ ಅಯ್ನೋರ್ನ ವಸಿ ಈಚೆ ಕಳ್ಸಿ."