ಹೂಂರಾಯನ ಇಂಜಿನ್ ಪರೀಕ್ಷೆ

ಗಾಡಿ ಒಂದೇ ಕಿಕ್ಕಿಗೆ ಸ್ಟಾರ್ಟ್ ಆದದ್ದೇ ಎಲ್ಲ ಅನಾಹುತಕ್ಕೂ ಮೂಲ. ನಾಲ್ಕು ಸಲ ಒದೆಸಿಕೊಂಡು ಕೆಮ್ಮುತ್ತಾ ಎದ್ದಿದ್ದರೆ, ಹಳೇ ಮೋಟಾರ್‌ಸೈಕಲ್ಲು, ಇಷ್ಟೇ ತಾನೇ ಎಂದು ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇದು ಮೊದಲ ಒದೆತಕ್ಕೇ ಗುಡುಗುಡು ಎಂದಿತು. ಹಾಗಾಗಿ ಎಲ್ಲರಿಗೂ ಅನುಮಾನ ಬಂತು.

ಕೊಳ್ಳಲು ಹೊರಟವನನ್ನು ಬೀದಿಯವರು ಹೂಂರಾಯ ಎನ್ನುತ್ತಿದ್ದರು. ಯಾರು ಏನು ಹೇಳಿದರೂ ಅವನ ಬಾಯಲ್ಲಿ ಬರುತ್ತಿದ್ದುದು ‘ಹೂಂ’ ಒಂದೇ. ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ಗಾಜಿನ ಕೊಳವೆ, ಸ್ಲೈಡು, ಬಾಟಲಿ ತೊಳೆಯುವುದು ಅವನ ಕೆಲಸ. ಕಿಟಕಿಯಿಲ್ಲದ ಹಿಂಗೋಣೆ, ಒಂದು ತೊಟ್ಟಿ, ಸದಾ ಸೋರುವ ನಲ್ಲಿ. ವರ್ಷಗಟ್ಟಲೆ ನೀರಲ್ಲಿ ನೆನೆದು ಬೆರಳ ತುದಿಗಳು ಬಿಳಿಚಿಕೊಂಡು, ಉಗುರ ಬುಡದಲ್ಲಿ ಚರ್ಮ ಸುಲಿಯುತ್ತಿತ್ತು. ಊಟಕ್ಕೆ ಕೂತರೆ ಉಪ್ಪು ತಾಗಿ ಉರಿ. ಒಣಗಿದ ಕೈಯಲ್ಲಿ ಒಂದು ದಿನ ಕಳೆಯಬೇಕು ಎಂಬುದಕ್ಕಿಂತ ದೊಡ್ಡ ಆಸೆ ಆ ಮನುಷ್ಯನಿಗೆ ಇರಲಿಲ್ಲ.

ಅಷ್ಟರಲ್ಲಿ, ಕ್ಲಿನಿಕ್ಕುಗಳಿಂದ ರಕ್ತದ ಸ್ಯಾಂಪಲ್ ತರುತ್ತಿದ್ದವನು ಕೆಲಸ ಬಿಟ್ಟ. ಲ್ಯಾಬಿನ ಡಾಕ್ಟರಮ್ಮ ಬೆಳಿಗ್ಗೆ ಹೂಂರಾಯನನ್ನು ಕರೆದು, “ಸ್ವಂತ ಗಾಡಿ ಇದ್ರೆ ಆ ಕೆಲಸ ನಿಮಗೇ. ಆದ್ರೆ ಇವತ್ತು ಬಾಗಿಲು ಹಾಕೋದ್ರೊಳಗೆ ತಂದು ತೋರಿಸ್ಬೇಕು. ನಾಳೆಯಿಂದಾನೇ ನನಗೆ ಜನ ಬೇಕು,” ಎಂದರು. ಹೂಂರಾಯ ಹೂಂ ಎಂದು, ರಜೆ ಹಾಕಿ, ಹೆಂಡತಿಯ ಚೀಟಿ ದುಡ್ಡು ಜೇಬಿಗಿಳಿಸಿಕೊಂಡು ಬೀದಿ ಕೊನೆಯ ಟೈಲರ್ ಯಜಮಾನರ ಮನೆಗೆ ಓಡಿದ. ಮಂಡಿ ನೋವಿಗೆ ಗಾಡಿ ಮಾರಲು ಕೂತಿದ್ದ ಯಜಮಾನರು ಅದನ್ನು ಹೊಲಿಗೆ ಮೆಷಿನ್ನಿನಷ್ಟೇ ಜೋಪಾನವಾಗಿ ಇಟ್ಟಿದ್ದರು. “ಸಂಜೆವರೆಗೂ ಇಟ್ಕೊಂಡು ಓಡಿಸಿ ನೋಡಪ್ಪ. ಬೇಡ ಅನ್ನಿಸಿದ್ರೆ ಹೆಂಗೆ ತಗೊಂಡು ಹೋದ್ಯೋ ಹಂಗೇ ತಂದು ನಿಲ್ಲಿಸು,” ಎಂದರು.

ಅಲ್ಲೇ ದುಡ್ಡು ಕೊಟ್ಟು ಬಂದಿದ್ದರೆ ಈ ಕತೆ ಹುಟ್ಟುತ್ತಿರಲಿಲ್ಲ. ಆದರೆ ಅವನ ಮನೆಯಲ್ಲಿ ಭಾವಮೈದುನ ಇದ್ದ. ಕೆಲಸ ಹುಡುಕಿಕೊಂಡು ಬಂದು ಅಕ್ಕನ ಮನೆಯಲ್ಲಿ ಊಟ ಹುಡುಕಿಕೊಂಡವನು ಅವನು. ತನ್ನದೂ ಒಂದು ಗಾಡಿ ಇದ್ದುದರಿಂದ ಜಗತ್ತಿನ ಇಂಜಿನ್ನುಗಳ ಬಗ್ಗೆಯೆಲ್ಲ ಮಾತಾಡುವ ಅಧಿಕಾರ ತನಗಿದೆ ಎಂದು ತಿಳಿದಿದ್ದ.

“ಭಾವ, ಗಾಡಿ ತಗೊಳ್ಳೋದು ಅಂದ್ರೆ ಶರ್ಟ್ ಪೀಸ್ ತಗೊಂಡ ಹಾಗಲ್ಲ,” ಎಂದ. “ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯ್ತು ಅಂದ್ರೆ, ನೀವು ಹೋಗೋದಕ್ಕೆ ಮುಂಚೆನೇ ಬಿಸಿ ಮಾಡಿಟ್ಟಿದಾರೆ ಅಂತ ಅರ್ಥ. ತಣ್ಣಗಾದ ಮೇಲೆ ನೋಡ್ಬೇಕು ಇದರ ಬಂಡವಾಳ.”

ಹೂಂರಾಯ ಹೂಂ ಎಂದ. ಗಾಡಿಯನ್ನು ಮನೆಮುಂದಿನ ನೆರಳಿಗೆ ನಿಲ್ಲಿಸಿ ಕಾದರು. ಭಾವಮೈದುನ ಜ್ವರ ಬಂದ ಮಗುವಿನ ಹಣೆ ಮುಟ್ಟಿದಂತೆ ಆಗಾಗ ಇಂಜಿನ್ ಮುಟ್ಟಿ, ಇನ್ನೂ ಆರಬೇಕು ಎನ್ನುತ್ತಿದ್ದ. ಮಧ್ಯಾಹ್ನದ ಊಟವಾಗಿ, ಅವನ ನಿದ್ದೆಯೂ ಆಗಿ, ಕೊನೆಗೆ ಒದ್ದರೆ, ಹಾಳಾದ್ದು, ಮತ್ತೆ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ನೆರೆದವರ ಮುಖ ಸಣ್ಣದಾಯಿತು.

ನೆರೆದವರಲ್ಲಿ ಎದುರುಮನೆಯ ರಿಟೈರ್ಡ್ ವಿಜ್ಞಾನದ ಮೇಷ್ಟ್ರು ಒಬ್ಬರು. ಹೂಂರಾಯನ ಬಿಳಿ ಕರವಸ್ತ್ರ ಇಸಿದುಕೊಂಡು ಸೈಲೆನ್ಸರಿಗೆ ಹಿಡಿದರು. ಕರವಸ್ತ್ರ ಹೇಳಿಕೊಳ್ಳುವಷ್ಟು ಕಪ್ಪಾಗಲಿಲ್ಲ. ಇಷ್ಟು ಹಳೆಯ ಗಾಡಿ ಹೊಗೆ ಬಿಡುವುದಿಲ್ಲ ಎಂದರೆ ಒಳಗೇ ಎಲ್ಲೋ ಅಡಗಿಸಿಟ್ಟಿದೆ ಎಂದು ಮೇಷ್ಟ್ರು ತೀರ್ಪು ಕೊಟ್ಟರು. ಮೂವತ್ತು ವರ್ಷ ಅವರ ಹತ್ತಿರ ವಿಜ್ಞಾನ ಕಲಿತ ಮಕ್ಕಳ ಗತಿ ಏನಾಯಿತೋ ನನಗೆ ಗೊತ್ತಿಲ್ಲ.

“ಇಂಜಿನ್ನಿಗೆ ಆಯಿಲ್ಲೇ ರಕ್ತ ಕಣಯ್ಯ,” ಎಂದರು ಮೇಷ್ಟ್ರು. “ಲ್ಯಾಬಲ್ಲಿ ಇರೋನು ನೀನು, ನಿನಗೆ ನಾನು ಹೇಳ್ಬೇಕಾ? ರಕ್ತ ನೋಡಿದ್ರೆ ರೋಗ ಗೊತ್ತಾಗುತ್ತೆ.”

ಲ್ಯಾಬಿನಲ್ಲಿ ಪರೀಕ್ಷೆಗೆ ಸ್ವಲ್ಪ ರಕ್ತ ತೆಗೆದು ಮಿಕ್ಕದ್ದನ್ನು ರೋಗಿಗೇ ಬಿಡುತ್ತಾರೆ. ಮೇಷ್ಟ್ರು ಇಂಜಿನ್ನಿನ ಅಡಿಯ ಬೋಲ್ಟು ಬಿಚ್ಚಿಸಿ ಪೂರ್ತಿ ಇಳಿಸಿದರು. ಮನೆಯೊಳಗಿಂದ ಒಂದು ಸ್ಟೀಲ್ ಬೋಗುಣಿ ಬಂತು, ತುಂಬಿತು. “ಹಿಡ್ಕೋ,” ಎಂದರು. ಹೂಂರಾಯ ಹೂಂ ಎಂದು ಎರಡೂ ಕೈಯಲ್ಲಿ ಹಿಡಿದುಕೊಂಡ. ಎಣ್ಣೆ ಕಪ್ಪಗಿದೆಯೋ ಕಂದು ಬಣ್ಣಕ್ಕಿದೆಯೋ ಎಂದು ಮೇಷ್ಟ್ರಿಗೂ ಭಾವಮೈದುನನಿಗೂ ವಾದ ಹತ್ತಿತು. ಬೋಲ್ಟನ್ನೇನೋ ಬಿಗಿದರು. ವಾಪಸು ಸುರಿಯಲು ಆಲಿಕೆ ತರುತ್ತೇನೆಂದು ಒಳಗೆ ಹೋದ ಭಾವಮೈದುನ ಆಲಿಕೆ ಮರೆತು, ಬಾಯಿ ಆಡಿಸುತ್ತಾ ಹೊರಬಂದ.

ಆಗಲೇ ಮಹಡಿಮನೆಯ ಬಸ್ ಡ್ರೈವರು ಡ್ಯೂಟಿ ಮುಗಿಸಿ ಬಂದದ್ದು. ನಿಂತ ಗಾಡಿಯಲ್ಲಿ ಏನು ನೋಡುತ್ತೀರಿ, ಇಂಜಿನ್ನಿನ ಯೋಗ್ಯತೆ ಏರು ಹತ್ತಿಸಿದರೆ ತಾನೇ ತಿಳಿಯುವುದು ಎಂದು, ಮೇಷ್ಟ್ರನ್ನೂ ಭಾವಮೈದುನನನ್ನೂ ಹಿಂದೆ ಕೂರಿಸಿಕೊಂಡ. ಬಡಪಾಯಿ ಗಾಡಿ ಆಗಲೂ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಮೂವರೂ ಬೀದಿಯಾಚೆಯ ಏರು ಹತ್ತತೊಡಗಿದರು.

ಹೂಂರಾಯ ನೋಡುತ್ತಾ ನಿಂತ. ಕೈ ಯಾಕೋ ನೋಯುತ್ತಿದೆಯಲ್ಲ ಎಂದು ಬಗ್ಗಿ ನೋಡಿದರೆ ಬೋಗುಣಿ ಇನ್ನೂ ಕೈಯಲ್ಲೇ ಇತ್ತು, ತುಂಬಿದ್ದು ತುಂಬಿದ ಹಾಗೇ. ನಿಲ್ಲಿಸಿ ಎಂದು ಕೂಗಬೇಕೆಂದರೆ ಗಂಟಲಿಗೆ ಆ ಶಬ್ದದ ಅಭ್ಯಾಸವೇ ಇರಲಿಲ್ಲ. ಬೋಗುಣಿ ಸಮೇತ ಓಡಿದ. ಅಂಗಿ, ಪ್ಯಾಂಟು, ರಸ್ತೆ ಎಲ್ಲಕ್ಕೂ ಎಣ್ಣೆ ಚೆಲ್ಲಿತು. ಏರಿನ ನಡುವೆ ಕಿರ್ರೆಂದು ಒಂದು ಸದ್ದು ಬಂತು, ಎಣ್ಣೆಯಿಲ್ಲದ ಇಂಜಿನ್ ಕಚ್ಚಿಕೊಂಡು ಗಾಡಿ ನಿಂತಿತು. ಆಮೇಲೆ ಡ್ರೈವರು ನೂರು ಸಲ ಒದ್ದರೂ ಕಿಕ್ಕರ್ ಕೆಳಗಿಳಿಯಲಿಲ್ಲ.

ಹತ್ತು ಜನ ಸೇರಿದರೆ ಹಾವು ಸಾಯುವುದಿಲ್ಲ ಎನ್ನುತ್ತಾರೆ. ಗಾಡಿ ಸಾಯಲು ಮೂವರು ಸಾಕಾದರು.

ಟೈಲರ್ ಯಜಮಾನರು ಮಂಡಿ ಹಿಡಿದುಕೊಂಡು ಬಂದರು. ಬೈಯಲಿಲ್ಲ, ಕೂಗಲಿಲ್ಲ. ಟ್ಯಾಂಕಿನ ಮೇಲಿನ ಧೂಳನ್ನು ಅಂಗೈಯಲ್ಲಿ ಒರೆಸಿದರು. “ಕೊಟ್ಟಾಗ ಓಡ್ತಿತ್ತು ಕಣಪ್ಪ. ಇನ್ನು ಇದು ನಿಂದೇ,” ಎಂದರು. ಹೂಂರಾಯ ಚೀಟಿ ದುಡ್ಡು ಪೂರ್ತಿ ಅವರ ಕೈಗಿಟ್ಟ.

ಪರೀಕ್ಷಕರಿಗೆ ಮಾತ್ರ ಸಮಾಧಾನವೇ ಆಗಿತ್ತು. ಇಂಜಿನ್ ನಂಬಿಕೆಗೆ ಯೋಗ್ಯವಲ್ಲವೆಂದು ತಾವು ಬೆಳಿಗ್ಗೆಯಿಂದ ಬಡಕೊಂಡಿರಲಿಲ್ಲವೇ, ಮುಂದೆ ಎಲ್ಲೋ ದಾರಿಯಲ್ಲಿ ಕೈಕೊಡುವುದು ಇಲ್ಲೇ ಕೈಕೊಟ್ಟಿತಲ್ಲ, ಒಳ್ಳೆಯದೇ ಆಯಿತು ಎಂದುಕೊಂಡು ಮೇಷ್ಟ್ರೂ ಡ್ರೈವರೂ ಮನೆಗೆ ಹೋದರು.

ಡಾಕ್ಟರಮ್ಮನಲ್ಲಿ ನಾಲ್ಕು ದಿನ ಗಡುವು ಕೇಳೋಣ, ನಾನೇ ಬಿಡುತ್ತೇನೆ ಬನ್ನಿ ಎಂದು ಭಾವಮೈದುನ ತನ್ನ ಗಾಡಿ ತೆಗೆದ. ಒಂದು ಕನ್ನಡಿಯಿಲ್ಲ, ಇಳಿಜಾರಿನಲ್ಲಿ ತಳ್ಳಿದರೆ ಮಾತ್ರ ಸ್ಟಾರ್ಟ್ ಆಗುತ್ತದೆ, ಹೊಗೆಯಂತೂ ಹಿಂದೆ ಬರುವವರ ಕಣ್ಣು ಕುರುಡಾಗಬೇಕು ಅಷ್ಟು. ಆ ಇಂಜಿನ್ನನ್ನು ಈವರೆಗೆ ಯಾರೂ ಪರೀಕ್ಷೆ ಮಾಡಿರಲಿಲ್ಲ. ಹೂಂರಾಯನೇ ತಳ್ಳಿ, ಓಡಿ ಹತ್ತಿ ಹಿಂದೆ ಕೂತ.

ಡಾಕ್ಟರಮ್ಮ ಲ್ಯಾಬಿಗೆ ಬೀಗ ಹಾಕುತ್ತಿದ್ದರು. ಇವರು ಇಳಿದದ್ದನ್ನು ಕಂಡು ಅವರ ಮುಖ ಅರಳಿತು.

“ಪರವಾಗಿಲ್ವೇ, ತಂದೇಬಿಟ್ರಿ. ಇದೇನಾ ನಿಮ್ಮ ಗಾಡಿ?”

ಇಂಜಿನ್ ಹೇಗಿದೆ ಎಂದು ಆಕೆ ಕೇಳಲಿಲ್ಲ, ಹೊಗೆಯನ್ನೂ ನೋಡಲಿಲ್ಲ. ಹುಟ್ಟಿದಾಗಿನಿಂದ ಆಡಿಕೊಂಡು ಬಂದ ಒಂದೇ ಒಂದು ಮಾತನ್ನು ಹೂಂರಾಯ ಆಗ ಆಡಿದ್ದರೆ ಸಾಕಿತ್ತು, ಮಿಕ್ಕದ್ದನ್ನು ಮನೆಗೆ ಹೋಗಿ ಸರಿಮಾಡಿಕೊಳ್ಳಬಹುದಿತ್ತು. ಆದರೆ ಬೆಳಿಗ್ಗೆಯಿಂದ ನುಂಗಿಕೊಂಡು ಬಂದಿದ್ದ ಸಿಟ್ಟು ಅವತ್ತೇ, ಆ ಗಳಿಗೆಗೇ ಬಾಯಿಗೆ ಬಂತು. ಬಡವನ ಕೋಪ ದವಡೆಗೆ ಮೂಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

“ಊಹೂಂ,” ಎಂದ ಹೂಂರಾಯ. “ಇದು ನಂದಲ್ಲ ಮೇಡಂ. ಇವನದು.”

ಡಾಕ್ಟರಮ್ಮ ಭಾವಮೈದುನನ ಕಡೆ ತಿರುಗಿದರು. “ಲೈಸೆನ್ಸ್ ಇದೆಯೇನಪ್ಪ? ಹಾಗಾದ್ರೆ ನಾಳೆ ಬೆಳಿಗ್ಗೆಯಿಂದ ನೀನೇ ಬರ್ತೀಯಾ?”

ಈವರೆಗೆ ಯಾವ ಕೆಲಸಕ್ಕೂ ಒಪ್ಪದಿದ್ದ ಭಾವಮೈದುನ ಭಾವನ ಮುಖ ನೋಡಿದ, ಡಾಕ್ಟರಮ್ಮನ ಮುಖ ನೋಡಿದ. “ಹೂಂ,” ಎಂದ.

ಮನೆ ತಲುಪುವಷ್ಟರಲ್ಲಿ ಸುದ್ದಿ ಫೋನಿನಲ್ಲೇ ಮುಟ್ಟಿತ್ತು. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಚೀಟಿ ದುಡ್ಡಿಗಾಗಿ ಕೂಗಾಡುತ್ತಾಳೆ ಎಂದುಕೊಂಡು ಹೂಂರಾಯ ತಲೆ ತಗ್ಗಿಸಿದ. ಆಕೆ ಕೂಗಾಡಲಿಲ್ಲ. ತಮ್ಮನನ್ನು ಒಳಗೆ ಕೂರಿಸಿ, ಅವನ ತಟ್ಟೆಗೆ ಬಿಸಿ ಅನ್ನ ಬಡಿಸುತ್ತಾ ಹೇಳಿದಳು:

“ಹೋಗ್ಲಿ ಬಿಡ್ರೀ, ಕೆಲಸ ಹೊರಗಿನವರ ಪಾಲಾಗ್ಲಿಲ್ವಲ್ಲ, ಮನೆಯೊಳಗೇ ಉಳೀತು. ಕೈ ತೊಳ್ಕೊಂಡು ಬನ್ನಿ.”