ನೀರು ಬಿದ್ದಲ್ಲೆಲ್ಲ ನವಿಲು

ಗುಜರಿ ಅಂಗಡಿಯ ಹಳೇ ಬಾಯ್ಲರಿನ ಹೊಟ್ಟೆಗೆ ನಾನೂರು ರೂಪಾಯಿ. ಮಕ್ಕಳ ಬ್ಯಾಟರಿ ಕಾರಿನ ನಾಲ್ಕು ಚಕ್ರಕ್ಕೆ ಆರುನೂರು. ಧೂಳು ಹೀರುವ ಯಂತ್ರದ ಸೊಂಡಿಲು ಒಂದಕ್ಕೇ ಮುನ್ನೂರೈವತ್ತು. ಇದೆಲ್ಲದರ ಮೇಲೆ, ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವುದನ್ನು ಕಲಿಸುವ ಆರು ವಾರದ ಕ್ಲಾಸಿಗೆ ಮೂರು ಸಾವಿರ. ಇಷ್ಟೂ ಖರ್ಚು ದಿನಾ ಬಗ್ಗಿ ರಂಗೋಲಿ ಹಾಕುವ ಹೆಂಡತಿಯ ಸೊಂಟನೋವಿಗಾಗಿ ಅಂತ ಗುರುಸಿದ್ದಪ್ಪ ಬೀದಿಗೆಲ್ಲ ಸಾರಿದ್ದ. ಸೊಂಟಕ್ಕೆ ಹಚ್ಚುವ ಎಣ್ಣೆ ಅರವತ್ತು ರೂಪಾಯಿಗೆ ಸಿಗುತ್ತಿತ್ತು. ಆದರೆ ಎಣ್ಣೆ ಹಚ್ಚುವುದರಲ್ಲಿ ಸಂಶೋಧನೆ ಎಲ್ಲಿ ಬಂತು!

ಆವತ್ತು ನೀಲಮ್ಮನಿಗೆ ಸಂಶೋಧನೆ ನೋಡುವ ಪುರುಸೊತ್ತೇ ಇರಲಿಲ್ಲ. ಊರಾಚೆ ಒಂದು ಗೃಹಪ್ರವೇಶಕ್ಕೆ ನಾನೂರು ಒಬ್ಬಟ್ಟು, ಹತ್ತು ಗಂಟೆಯೊಳಗೆ ಮುಟ್ಟಬೇಕು. ಅವಳ ಮೊದಲ ದೊಡ್ಡ ಆರ್ಡರು. ಇದು ಸರಿಹೋದರೆ ಮುಂದಿನ ಮದುವೆಗಳದ್ದೂ ಕೊಡುತ್ತೇನೆ ಅಂತ ಅಡುಗೆ ಗುತ್ತಿಗೆಯ ಬಸಪ್ಪಣ್ಣ ಹೇಳಿದ್ದ. ತಡವಾದರೆ ಇದೇ ಕೊನೆ ಅಂತಲೂ ಹೇಳಿದ್ದ.

"ನೀಲಾ, ಒಂದೇ ನಿಮಿಷ ಬಾರೇ! ಬಾಗಿಲಿಗೆ ನೀರು ಹಾಕು!"

ಅವಳು ಎಂದಿನಂತೆ ಬಾಗಿಲ ಮುಂದೆ ಒಂದು ತಂಬಿಗೆ ನೀರು ಚಿಮುಕಿಸಿದಳು. ಚಕ್ರ, ಸೊಂಡಿಲು ಜೋಡಿಸಿದ ಬಾಯ್ಲರು ಗುರ್ ಅಂದಿತು, ಒದ್ದೆ ನೆಲವನ್ನು ಒಂದು ಸುತ್ತು ಬಂದಿತು, ಕಣ್ಣುಮುಚ್ಚಿ ತೆಗೆಯುವುದರಲ್ಲಿ ರಂಗೋಲಿ ಪುಡಿಯಲ್ಲಿ ಬಾಲ ಬಿಚ್ಚಿದ ನವಿಲೊಂದನ್ನು ಬಿಡಿಸಿತು.

ನವಿಲು ಚೆನ್ನಾಗಿತ್ತು. ಅದನ್ನು ಒಪ್ಪಲೇಬೇಕು.

"ಕಂಪ್ಯೂಟರಲ್ಲಿ ವಿಂಡೋ ಅಂತಾರೆ. ಒಂದು ಚೌಕ, ಚಿತ್ರವೆಲ್ಲ ಅದರೊಳಗೇ. ಇಲ್ಲಿ ಒದ್ದೆಯಾದ ಜಾಗವೇ ನನ್ನ ವಿಂಡೋ!" ಗುರುಸಿದ್ದಪ್ಪ ಎದೆ ಉಬ್ಬಿಸಿದ. "ಆಮೇಲೆ ಕಾಲ್‌ಬ್ಯಾಕು. ಏನಾದರೂ ಆದರೆ ಏನು ಮಾಡಬೇಕು ಅಂತ ಮೊದಲೇ ಹೇಳಿಟ್ಟಿರ್ತೀನಿ. ಚಿತ್ರ ಅಳಿಸಿದರೆ ಮತ್ತೆ ಬಿಡಿಸು. ಜಾಗ ದೊಡ್ಡದಾದರೆ ಹಳೇದನ್ನ ಹೀರಿಕೊಂಡು ದೊಡ್ಡದಾಗಿ ಬಿಡಿಸು."

"ಅಂದರೆ ಪಂಕ್ತಿ ಕೂತಾಗ ಕರೀರಿ, ಸಾರು ಮುಗಿದಾಗ ಕರೀರಿ ಅಂತ ಭಟ್ಟರು ಹೇಳಿ ಮಲಗ್ತಾರಲ್ಲ, ಹಾಗೆ."

"ಮೂರು ಸಾವಿರ ಕೊಟ್ಟು ನಾನು ಕಲಿತಿದ್ದನ್ನ ನೀನು ಹೀಗೆ ಒಂದೇ ಮಾತಲ್ಲಿ ಹೇಳಬಾರದು ಕಣೇ!"

ಅಷ್ಟರಲ್ಲಿ ಕಾಗೆಯೊಂದು ಬಂದು ನವಿಲಿನ ಕಣ್ಣು ಕುಕ್ಕಿತು. ಬಾಯ್ಲರು ಧಾವಿಸಿ ಬಂದು ಇಡೀ ನವಿಲನ್ನು ಮೊದಲಿಂದ ಬಿಡಿಸಿತು. ಹಾಲಿನವನ ಚಪ್ಪಲಿ ಬಾಲಕ್ಕೆ ತಾಗಿತು. ಮತ್ತೆ ಮೊದಲಿಂದ! ಎದುರುಮನೆ ಚಂದ್ರಕಲಾ ತನ್ನ ಬಾಗಿಲಿಗೆ ನೀರು ಎರಚಿದ್ದೇ ತಡ, ಯಂತ್ರ ರಸ್ತೆ ದಾಟಿ ಹೋಗಿ, ಅವಳು ಇಟ್ಟ ಚುಕ್ಕಿಗಳನ್ನೆಲ್ಲ ಹೀರಿ, ಅಲ್ಲೂ ಒಂದು ನವಿಲು ಕೂರಿಸಿತು.

"ನೀಲಕ್ಕಾ! ಹನ್ನೊಂದು ಚುಕ್ಕಿ ಎಣಿಸಿ ಇಟ್ಟಿದ್ದೆ, ನುಂಗಿ ಹಾಕ್ತಲ್ಲ ನಿಮ್ಮ ಹಂಡೆ!"

"ಹಂಡೆಯಲ್ಲಮ್ಮ, ಬಾಯ್ಲರು," ಅಂತ ತಿದ್ದಿದ ಗುರುಸಿದ್ದಪ್ಪ.

ನೀಲಮ್ಮ ಒಳಗೆ ಹೋಗಿ ಒಬ್ಬಟ್ಟನ್ನು ಬುಟ್ಟಿಗಳಿಗೆ ತುಂಬತೊಡಗಿದಳು. ಒಂಬತ್ತು ಗಂಟೆಗೆ ನೀರಿನ ಟ್ಯಾಂಕರು ಬಂತು. ಅದರ ನಲ್ಲಿ ಸರಿಯಾಗಿ ಮುಚ್ಚಿರಲಿಲ್ಲ. ಮೇಲಿನ ಗಿರಣಿಯಿಂದ ಕೆಳಗಿನ ಮುಖ್ಯರಸ್ತೆಯವರೆಗೆ ಬೀದಿಯನ್ನೆಲ್ಲ ನೆನೆಸಿಕೊಂಡು ಹೋಯಿತು.

ಬಾಯ್ಲರಿಗೆ ಹಬ್ಬ! ಹೊಟ್ಟೆಯಲ್ಲಿದ್ದ ಪುಡಿಯೆಲ್ಲ ಸುರಿದು ಸುರಿದು, ಹದಿನೆಂಟು ಮನೆ ಉದ್ದದ ನವಿಲು ಬಿಡಿಸಿತು. ಕೊಕ್ಕು ಗಿರಣಿಯ ಬಾಗಿಲಲ್ಲಿ, ಬಾಲ ಮುಖ್ಯರಸ್ತೆಯಲ್ಲಿ, ಹೊಟ್ಟೆ ನೀಲಮ್ಮನ ಮನೆ ಮುಂದೆ. ಬೀದಿಯ ಜನ ಹೊಸ್ತಿಲಲ್ಲೇ ನಿಂತುಬಿಟ್ಟರು. ರಂಗೋಲಿ ತುಳಿಯುವುದು ಹೇಗೆ?

ಒಬ್ಬಟ್ಟು ಒಯ್ಯಲು ಆಟೋ ತಂದ ಸಾದಿಕ್ ಬೀದಿಯ ತುದಿಯಲ್ಲೇ ಬ್ರೇಕ್ ಹಾಕಿದ.

"ಬಾಪ್ಪಾ ಒಳಗೆ, ಹೊತ್ತಾಯ್ತು!" ನೀಲಮ್ಮ ಹೊಸ್ತಿಲಿಂದ ಕೂಗಿದಳು.

"ಇದರ ಮೇಲೆ ಗಾಡಿ ಹತ್ತಿಸಲಾ ಅಕ್ಕಾ? ನಮ್ಮಮ್ಮನಿಗೆ ಗೊತ್ತಾದರೆ ಮನೆಗೇ ಸೇರಿಸಲ್ಲ. ಹತ್ತಿಸಿದರೂ ಆ ಹಂಡೆ ಅಟ್ಟಿಸಿಕೊಂಡು ಬರುತ್ತೆ!"

ಒಂಬತ್ತು ಇಪ್ಪತ್ತು. ನೀಲಮ್ಮ ಗಂಡನ ಕಡೆ ತಿರುಗಿದಳು.

"ರೀ, ನಿಲ್ಲಿಸೋದು ಹೇಗೆ?"

ಗುರುಸಿದ್ದಪ್ಪ ಬಾಯ್ಲರಿನ ಕಡೆ ನೋಡಿದ. ಉಗುರು ಕಚ್ಚಿದ. "ನಿಲ್ಲಿಸುವ ಕಾಲ್‌ಬ್ಯಾಕು ಆರನೇ ವಾರದ ಪಾಠ. ಆ ವಾರ ನಾನು ತಂಗಿ ಮನೆಗೆ ಹೋಗಿದ್ದೆನಲ್ಲ."

"ಹೋಗಿ ಅವಳ ಮಿಕ್ಸಿ ಬಿಚ್ಚಿಟ್ಟು ಬಂದಿರಿ!"

ಅವಳು ಸೆರಗು ಸಿಕ್ಕಿಸಿ ಒಂದು ನಿಮಿಷ ಯೋಚಿಸಿದಳು. "ಜಾಗ ಚಿಕ್ಕದಾದರೆ ಏನು ಮಾಡುತ್ತೆ ಇದು?"

"ಅದೇ. ಹಳೇದನ್ನ ಹೀರಿಕೊಂಡು ಚಿಕ್ಕದಾಗಿ ಬಿಡಿಸುತ್ತೆ."

"ಹಾಗಾದರೆ ಬೀದಿ ಒಣಗಿಸೋಣ. ಚಂದ್ರಕಲಾ! ಗೋಣಿಚೀಲ ತಾರೇ! ಹಳೇ ಪಂಚೆ, ಹರಿದ ರಗ್ಗು, ಸಿಕ್ಕಿದ್ದು ತನ್ನಿ ಎಲ್ಲರೂ!"

ರಂಗೋಲಿ ತುಳಿಯದೆ ಅಂಚಿನಲ್ಲಿ ನಿಂತು ಒರೆಸುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಮೇಲಿಂದ ನಾಲ್ಕು ಜನ, ಕೆಳಗಿಂದ ನಾಲ್ಕು ಜನ. ಬಿಸಿಲೂ ಚುರುಗುಟ್ಟುತ್ತಿತ್ತು. ಬೀದಿ ಒಣಗಿದಷ್ಟೂ ನವಿಲು ಕುಗ್ಗಿತು. ಹದಿನೆಂಟು ಮನೆ ಉದ್ದದ್ದು ಹತ್ತು ಮನೆಯಾಯಿತು, ಹತ್ತು ಮೂರಾಯಿತು, ಮೂರೂ ಒಣಗಿ ನವಿಲೇ ಇಲ್ಲವಾಯಿತು. ಬಾಯ್ಲರು ಹೀರಿ ಬಿಡಿಸಿ, ಹೀರಿ ಬಿಡಿಸಿ ಏದುಸಿರು ಬಿಡುತ್ತಿತ್ತು. ಖಾಲಿಯಾದ ರಸ್ತೆಯಲ್ಲಿ ಸಾದಿಕ್ ಆಟೋವನ್ನು ಹಿಂದಕ್ಕೆ ಓಡಿಸಿಕೊಂಡೇ ಬಂದು ಬುಟ್ಟಿ ಏರಿಸಿದ. ನೀಲಮ್ಮನೂ ಪಕ್ಕದಲ್ಲಿ ಕೂರಲು ಹೊರಟಳು.

"ತಡಿ, ಇದರ ವೈರು ಕಿತ್ತು ಬಿಡ್ತೀನಿ!" ಅಂತ ಗುರುಸಿದ್ದಪ್ಪ ಅಂಗಾತ ಮಲಗಿ ಬಾಯ್ಲರಿನ ಹೊಟ್ಟೆಯಡಿ ಕೈ ತೂರಿಸಿದ. ಒರೆಸಿ ಒರೆಸಿ ಅವನಿಗೆ ಬೆವರು ಕಿತ್ತುಬಂದಿತ್ತು. ಆಗ ಬೀದಿಯಲ್ಲೆಲ್ಲ ಒದ್ದೆಯಾಗಿ ಉಳಿದಿದ್ದ ಜಾಗ ಒಂದೇ ಒಂದು, ಅವನ ಬೋಳು ತಲೆ!

ಬಾಯ್ಲರು ನಿಂತಿತು. ತಿರುಗಿತು. ಸೊಂಡಿಲು ಬಗ್ಗಿಸಿ, ಪರಮ ಶ್ರದ್ಧೆಯಿಂದ ಅಂಗೈಯಗಲದ ನವಿಲೊಂದನ್ನು ಅಲ್ಲಿ ಬಿಡಿಸತೊಡಗಿತು.

"ಅಯ್ಯಯ್ಯೋ! ನೀಲಾ! ಕಚಗುಳಿ ಆಗ್ತಿದೆ ಕಣೇ!"

"ಅಲ್ಲಾಡಬೇಡ್ರೀ, ಅಳಿಸಿದರೆ ಮೊದಲಿಂದ ಬಿಡಿಸುತ್ತೆ!"

ಅವನು ಅಲ್ಲಾಡಿದ. ಅದು ಮೊದಲಿಂದ ಬಿಡಿಸಿತು. ಹೆದರಿಕೆಗೆ ಬೆವರು ಇನ್ನಷ್ಟು ಬಂತು. ಆರನೇ ನವಿಲಿನ ಬಾಲ ಮುಗಿಯುವ ಹೊತ್ತಿಗೆ ಬ್ಯಾಟರಿ ಸತ್ತಿತು.

ಚಂದ್ರಕಲಾ ಬಗ್ಗಿ ನೋಡಿದಳು. "ಅಣ್ಣಾ, ಒರೆಸಬೇಡಿ. ಇದ್ದುದರಲ್ಲಿ ಇದೇ ಚೆನ್ನಾಗಿ ಬಂದಿದೆ."

ಒಬ್ಬಟ್ಟು ಹತ್ತಕ್ಕೆ ಐದು ನಿಮಿಷ ಇದ್ದಾಗ ಮುಟ್ಟಿತು. ಆಟೋದ ಕುಲುಕಾಟಕ್ಕೆ ಮುರಿದುಹೋದವು ಮೂರು. ಅವನ್ನು ಬಸಪ್ಪಣ್ಣನೇ ತಿಂದು, ಎರಡು ಮದುವೆಯ ಆರ್ಡರು ಬರೆಸಿದ. ಹೋದದ್ದು ಒಂದು ಬ್ಯಾಟರಿ, ಎಂಟು ಗೋಣಿಚೀಲ, ಚಂದ್ರಕಲಾಳ ಹನ್ನೊಂದು ಚುಕ್ಕಿ.